‘ಏರ್‌ಲೂಮ್’ ಅನ್ನೋ ಚೀಟಿ ನೋಡಿ ಸಕ್ಯುಲೆಂಟ್ ಕೊಳ್ಳುವ ಮುಂಚೆ

ಪ್ರಶ್ನೆ: ಮನೆಗೂ ಕೈತೋಟಕ್ಕೂ ಒಂದಿಷ್ಟು ಸಕ್ಯುಲೆಂಟ್ (ಎಲೆ, ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡಗಳು) ತರಬೇಕು ಅಂತಿದ್ದೇನೆ. ನಾಲ್ಕು ತಿಂಗಳು ಚೆಂದ ಕಂಡು ಆಮೇಲೆ ಕೊಳೆತು ಹೋಗುವ ಗಿಡ ಬೇಡ. ಮುಂದೆ ಮಕ್ಕಳ ಕೈಗೂ ಕೊಡಬಹುದಾದ ಹಳೆಯ, ಗಟ್ಟಿ ತಳಿಗಳು ಬೇಕು. ಆದರೆ ಮಾರುವವರು ಕಂಡಕಂಡದ್ದಕ್ಕೆಲ್ಲ ‘ಏರ್‌ಲೂಮ್’ ಅಂತ ಚೀಟಿ ಹಚ್ಚುತ್ತಾರೆ. ನಿಜವಾದದ್ದನ್ನು ಗುರುತಿಸೋದು ಹೇಗೆ? ಮನೆಯಲ್ಲಿ ಪೂರ್ವಕ್ಕೆ ಒಂದು ಕಿಟಕಿ ಇದೆ. ಹೊರಗೆ ದಿನವಿಡೀ ಬಿಸಿಲು ಬೀಳುವ ಒಂದು ಪಾತಿ ಇದೆ. ಬೆಕ್ಕೂ ಇದೆ.

ಉತ್ತರ: ಮೊದಲು ಆ ಚೀಟಿಯ ವಿಷಯ ಮುಗಿಸೋಣ. ಏರ್‌ಲೂಮ್ ಅಂದರೆ ತಲೆಮಾರಿನಿಂದ ತಲೆಮಾರಿಗೆ ಉಳಿಸಿಕೊಂಡು ಬಂದ ಹಳೆಯ ತಳಿ. ತರಕಾರಿಯಲ್ಲಿ ಅದು ಉಳಿಯುವುದು ಬೀಜದಿಂದ. ಹಳೆಯ ಟೊಮೆಟೊ ತಳಿಯ ಬೀಜ ಎತ್ತಿಟ್ಟು ಬಿತ್ತಿದರೆ ಮುಂದಿನ ವರ್ಷವೂ ಹೆಚ್ಚುಕಮ್ಮಿ ಅದೇ ಟೊಮೆಟೊ ಸಿಗುತ್ತದೆ. ಸಕ್ಯುಲೆಂಟ್‌ನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಹೆಸರು ಮಾಡಿದ ಹಳೆಯ ತಳಿಗಳಲ್ಲಿ ಬಹಳಷ್ಟು ಎರಡು ಜಾತಿ ಕೂಡಿಸಿ ಮಾಡಿದ ಮಿಶ್ರತಳಿಗಳು. ಬೀಜ ಬಿತ್ತಿದರೆ ಒಂದೊಂದು ಸಸಿ ಒಂದೊಂದು ಥರ ಬರುತ್ತದೆ. ಇವು ಇಷ್ಟು ವರ್ಷ ಉಳಿದಿರುವುದು ಮರಿಯಿಂದ, ಎಲೆಯಿಂದ, ಕಡ್ಡಿಯಿಂದ. ಹಾಗಾಗಿ ನಿಮ್ಮ ಕೈಗೆ ಬರುವುದು ಆ ಹಳೆಯ ಗಿಡದ್ದೇ ಮೈಯ ಒಂದು ತುಂಡು.

ಇದು ಗೊತ್ತಾದರೆ ಅಂಗಡಿಯಲ್ಲಿ ಏನು ಕೇಳಬೇಕು ಅನ್ನೋದೂ ಗೊತ್ತಾಗುತ್ತದೆ. “ಇದು ಏರ್‌ಲೂಮಾ?” ಅಂದರೆ ಹೌದು ಅನ್ನದವರು ಯಾರು? ಅದರ ಬದಲು “ಇದನ್ನು ಹೇಗೆ ಮರಿ ಮಾಡಿದ್ರಿ? ತಾಯಿಗಿಡ ನಿಮ್ಮ ಹತ್ತಿರ ಇದೆಯಾ?” ಅಂತ ಕೇಳಿ. ತಾಯಿಗಿಡ ಇಟ್ಟುಕೊಂಡವರು ಅದನ್ನು ತೋರಿಸೋಕೆ ಖುಷಿಪಡುತ್ತಾರೆ. ಎಷ್ಟು ವರ್ಷದ್ದು, ಯಾರು ಕೊಟ್ಟದ್ದು, ಯಾವಾಗ ಹೂ ಬಿಡುತ್ತದೆ ಎಲ್ಲ ಹೇಳುತ್ತಾರೆ. ‘ಏರ್‌ಲೂಮ್’ ಅಂತ ಬರೆದು ಬೀಜದ ಪೊಟ್ಟಣ ಮಾರುತ್ತಿದ್ದರೆ ಸುಮ್ನೆ ಮುಂದೆ ಹೋಗಿ. ಅದರಲ್ಲೂ ನೀಲಿ, ಕಾಮನಬಿಲ್ಲಿನ ಬಣ್ಣದ ಎಲೆಗಳ ಚಿತ್ರ ಹಾಕಿದ್ದರೆ ಅದು ಮೋಸವೇ.

ಹಳೆಯ ತಳಿ ಯಾಕೆ ಒಳ್ಳೆಯದು ಅನ್ನುವುದಕ್ಕೆ ನನ್ನ ಕಾರಣ ಭಾವನಾತ್ಮಕವಾದದ್ದೇನಲ್ಲ. ನೂರು ವರ್ಷ ಕೈಯಿಂದ ಕೈಗೆ ದಾಟಿದ ಗಿಡವನ್ನು ಗಾಜಿನಮನೆ ಇಲ್ಲದವರೂ, ನೀರು ಹಾಕಲು ಮರೆತವರೂ, ಜಾಸ್ತಿ ಹಾಕಿದವರೂ ಸಾಕಿರುತ್ತಾರೆ. ಆ ಉಪಚಾರಕ್ಕೆ ತಾಳದವು ಮಧ್ಯದಲ್ಲೇ ಕಳೆದುಹೋಗಿವೆ. ಉಳಿದದ್ದು ಆ ಪರೀಕ್ಷೆ ದಾಟಿದ್ದು. ಈ ಮಾತಿಗೆ ಒಂದು ಮಿತಿಯೂ ಇದೆ. ಒಂದು ಕಡೆ ಪಾಸಾದ ಗಿಡ ಇನ್ನೊಂದು ಕಡೆ ಪಾಸಾಗಬೇಕೆಂದಿಲ್ಲ. ಹಾಗಾಗಿ ಮೊದಲು ಜಾಗ ನೋಡಿ, ಆಮೇಲೆ ಗಿಡದ ಕಥೆ ಕೇಳಿ.

ಜಾಗ ಅಂದ ಕೂಡಲೇ ಎಲ್ಲರೂ ಬಿಸಿಲು ಲೆಕ್ಕ ಹಾಕುತ್ತಾರೆ. ರಾತ್ರಿಯನ್ನು ಮರೆಯುತ್ತಾರೆ. ಸಕ್ಯುಲೆಂಟ್‌ಗಳಲ್ಲಿ ಹೆಚ್ಚಿನವು ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡಿದ್ದು ರಾತ್ರಿ ತೆರೆಯುತ್ತವೆ. ಆಗ ಒಳಗೆಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡು ಹಗಲು ಬಿಸಿಲು ಬಂದಾಗ ಬಳಸುತ್ತವೆ. 1813ರಲ್ಲೇ ಬೆಂಜಮಿನ್ ಹೇನ್ ಎಂಬ ಸಸ್ಯವಿಜ್ಞಾನಿ ಇದರ ಸುಳಿವು ಹಿಡಿದು ಪತ್ರ ಬರೆದಿದ್ದ. ಕಾಡುಬಸಳೆ ಎಲೆ ಬೆಳಿಗ್ಗೆ ತಿಂದರೆ ಹುಳಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ ಅಂತ. ರಾತ್ರಿ ತಂಪಾಗಿದ್ದರೆ ಈ ಕೆಲಸ ಸಲೀಸು. ರಾತ್ರಿಯೂ ಧಗೆ ಇರುವ ಕಡೆ ಮೆಕ್ಸಿಕೊದ ಎತ್ತರದ ಬೆಟ್ಟಗಳಿಂದ ಬಂದ, ಎಲೆಗಳು ಹೂವಿನಂತೆ ಸುತ್ತಿಕೊಂಡಿರುವ ಎಚೆವೇರಿಯಾಗಳು ಸೊರಗುತ್ತವೆ, ಹಾಗೇ ಕಾಣುವ ಯೂರೋಪಿನ ಬೆಟ್ಟಗಳ ಹೌಸ್‌ಲೀಕ್ ಕೊಳೆತೇ ಹೋಗುತ್ತದೆ. ಅಂಥಲ್ಲಿ ಹಾವಿನ ಗಿಡ (ಸ್ನೇಕ್ ಪ್ಲಾಂಟ್), ಲೋಳೆಸರದಂಥವು ಮೇಲು. ನಿಮ್ಮ ರಾತ್ರಿಗಳು ಹೇಗಿರುತ್ತವೆ ಅಂತ ನೀವು ಬರೆದಿಲ್ಲ. ಕೆಳಗಿನದನ್ನು ಓದುವಾಗ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಬಿಸಿಲಿನ ಪಾತಿಗೆ ನನ್ನ ಮೊದಲ ಆಯ್ಕೆ ಎಚೆವೇರಿಯಾ ಇಂಬ್ರಿಕಾಟಾ. ಫ್ರಾನ್ಸಿನ ಮಾರ್ಸೇಯಲ್ಲಿ ಡೆಲೋಯ್ ಎಂಬ ನರ್ಸರಿಯವರು 1870ರ ದಶಕದಲ್ಲಿ ಕೂಡಿಸಿದ ತಳಿ. ಎಚೆವೇರಿಯಾ ಮಿಶ್ರತಳಿಗಳಲ್ಲೇ ತುಂಬಾ ಹಳೆಯದು. ನೋಡೋಕೆ ಅಂಥ ಬೆರಗೇನೂ ಇಲ್ಲ. ಬೂದು ಹಸಿರು, ಚಪ್ಪಟೆ, ಗುಂಡಗಿನ ಎಲೆಗಳ ಸುತ್ತು. ಆದರೆ ತಾಯಿಗಿಡದ ಕೆಳಗಿನಿಂದ ಸುತ್ತಲೂ ಮರಿ ಹಾಕುತ್ತಾ ನೆಲ ತುಂಬುತ್ತದೆ. ಮರಿಯನ್ನು ಕಿತ್ತು ಮಣ್ಣಿನ ಮೇಲೆ ಇಟ್ಟರೆ ಸಾಕು, ಬೇರು ತಾನೇ ಇಳಿಯುತ್ತದೆ. ಇಷ್ಟು ಸುಲಭವಾಗಿ ಹಂಚಬಹುದಾದ್ದರಿಂದಲೇ ಒಂದೂವರೆ ಶತಮಾನ ಬಾಳಿದೆ ಅಂತ ನನ್ನ ಅನಿಸಿಕೆ.

ಅದರ ಪಕ್ಕಕ್ಕೆ ಬಣ್ಣ ಬೇಕು ಅಂದರೆ ಪೆರ್ಲೆ ಫಾನ್ ನ್ಯೂರ್ನ್‌ಬರ್ಗ್. ಜರ್ಮನಿಯಲ್ಲಿ ಮಾಡಿದ ಹಳೆಯ ಎಚೆವೇರಿಯಾ ಮಿಶ್ರತಳಿ. ನೇರಳೆ ಗುಲಾಬಿ ಎಲೆ, ಮೇಲೆ ಬಿಳಿ ಪುಡಿ. ಈ ಪುಡಿಯನ್ನು ಧೂಳು ಅಂತ ಒರೆಸಬೇಡಿ. ಅದು ಗಿಡವೇ ಮಾಡಿಕೊಂಡ ಮೇಣ, ಬಿಸಿಲಿಗೆ ಅದರ ಕೊಡೆ. ಬೆರಳು ತಾಗಿದ ಗುರುತು ಆ ಎಲೆ ಉದುರುವ ತನಕ ಹೋಗುವುದಿಲ್ಲ. ಕೊಳ್ಳುವಾಗ ಎಲೆ ಮೇಲೆ ಹಿಂದಿನ ಗಿರಾಕಿಗಳ ಬೆರಳಚ್ಚು ತುಂಬಿದ್ದರೆ ನಡುವಿನ ಹೊಸ ಎಲೆಗಳನ್ನು ಮಾತ್ರ ನೋಡಿ ತೀರ್ಮಾನಿಸಿ. ಈ ತಳಿಗೆ ಬಿಸಿಲು ಕಡಿಮೆಯಾದರೆ ಬಣ್ಣ ಮಾಸುತ್ತದೆ, ಕುತ್ತಿಗೆ ಉದ್ದವಾಗುತ್ತದೆ. ನಿಮ್ಮ ಕಿಟಕಿಗೆ ಇದು ಬೇಡ, ಪಾತಿಗೇ ಸರಿ.

ಇನ್ನು ಘೋಸ್ಟ್ ಪ್ಲಾಂಟ್. ಗ್ರಾಪ್ಟೊಪೆಟಾಲಮ್ ಪರಾಗ್ವಾಯೆನ್ಸೆ ಅದರ ಪೂರ್ತಿ ಹೆಸರು. ಪರಾಗ್ವೆಗೂ ಅದಕ್ಕೂ ಸಂಬಂಧವೇ ಇಲ್ಲ. 1914ರಲ್ಲಿ ಹೆಸರಿಟ್ಟವರಿಗೆ ಅದು ಅಲ್ಲಿಂದ ಬಂದದ್ದು ಅನ್ನೋ ಮಾಹಿತಿ ಇತ್ತು. ನಿಜವಾದ ತವರು ಮೆಕ್ಸಿಕೊದ ತಮೌಲಿಪಾಸ್ ಅಂತ ತಿಳಿದದ್ದು ಅದು ಮನೆಮನೆಗಳ ಕಿಟಕಿ ತುಂಬಿ ಎಷ್ಟೋ ವರ್ಷಗಳಾದ ಮೇಲೆ. ನೆರಳಿನಲ್ಲಿ ನೀಲಿ ಬೂದು, ಬಿಸಿಲಿನಲ್ಲಿ ಹಳದಿ ಕಲೆತ ಗುಲಾಬಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಗಿಡ ಅಂದುಕೊಳ್ಳುವಷ್ಟು ವ್ಯತ್ಯಾಸ. ಕೆಲವರು ಎರಡು ಹೆಸರಿಟ್ಟು ಮಾರುವುದೂ ಉಂಟು.

ಎಲೆಯಿಂದ ಗಿಡ ಮಾಡೋದು ಕಲಿಯೋಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಎಲೆಯನ್ನು ಮೇಲಕ್ಕೆ ಎಳೆಯಬೇಡಿ. ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲ್ಲಾಡಿಸಿ. ‘ಟಿಕ್’ ಅಂತ ಬುಡ ಸಮೇತ ಬರುತ್ತದೆ. ಬುಡದಲ್ಲಿ ಚಿಕ್ಕ ಬಿಳಿ ಅರ್ಧಚಂದ್ರ ಕಾಣಬೇಕು. ಅದು ಹರಿದಿದ್ದರೆ ಆ ಎಲೆ ಬೇರು ಬಿಟ್ಟರೂ ಚಿಗುರದೆ ಇರಬಹುದು. ಮಣ್ಣಿನಲ್ಲಿ ಹೂಳದೆ ಮೇಲೆ ಮಲಗಿಸಿ, ನೇರ ಬಿಸಿಲು ಬೇಡ. ಕೆಲವು ವಾರದಲ್ಲಿ ಗುಲಾಬಿ ಬೇರು, ಆಮೇಲೆ ಸಾಸಿವೆ ಗಾತ್ರದ ಮರಿ. ಹಳೆಯ ಎಲೆ ತಾನಾಗಿ ಒಣಗುವ ತನಕ ಕೀಳಬೇಡಿ, ಮರಿಯ ಆಹಾರ ಅದರಲ್ಲೇ ಇರೋದು.

ಎಲೆಯಿಂದ ಎಲ್ಲವೂ ಬರುತ್ತದೆ ಅಂದುಕೊಂಡರೆ ಹಾವಿನ ಗಿಡ ಪಾಠ ಕಲಿಸುತ್ತದೆ. ಹಳದಿ ಅಂಚಿನ ‘ಲಾರೆಂಟಿ’ ನೋಡಿರುತ್ತೀರಿ ಅಲ್ವಾ? ಅದರ ಎಲೆ ಕತ್ತರಿಸಿ ನೆಟ್ಟರೆ ಬೇರು ಬರುತ್ತದೆ, ಮರಿಯೂ ಬರುತ್ತದೆ, ಆದರೆ ಹಳದಿ ಅಂಚು ಬರುವುದಿಲ್ಲ. ಆ ಎಲೆಯಲ್ಲಿ ಎರಡು ಬಗೆಯ ಜೀವಕೋಶಗಳು ಪದರ ಪದರವಾಗಿ ಕೂಡಿಕೊಂಡಿವೆ. ಹೊಸ ಮರಿ ಹುಟ್ಟುವುದು ಅದರಲ್ಲಿ ಹಸಿರು ಪದರದಿಂದ. ಅಂಚು ಉಳಿಯಬೇಕಾದರೆ ಗೆಡ್ಡೆ ಸಮೇತ ಬುಡ ಒಡೆದೇ ಹಂಚಬೇಕು. ಹೀಗಾಗಿ ನಿಮ್ಮ ಕೈಯಲ್ಲಿರುವ ಪ್ರತಿ ‘ಲಾರೆಂಟಿ’ಯೂ ಯಾರೋ ಬುಡ ಒಡೆದು ಕೊಟ್ಟದ್ದು, ಅವರಿಗೆ ಇನ್ಯಾರೋ ಒಡೆದು ಕೊಟ್ಟದ್ದು. ತಲೆಮಾರಿನ ಗಿಡ ಅನ್ನೋ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಹೂವಿನಂತೆ ಸುತ್ತಿಕೊಂಡು ಕುಳ್ಳಗಿರುವ ‘ಹಾನಿ’ (Hahnii) ಎಂಬ ತಳಿಯೂ ಹಳೆಯದೇ. 1939ರಲ್ಲಿ ಅಮೆರಿಕದ ನ್ಯೂ ಓರ್ಲಿಯನ್ಸ್‌ನಲ್ಲಿ ಸಾಮಾನ್ಯ ಹಾವಿನ ಗಿಡಗಳ ನಡುವೆ ತಾನಾಗಿ ಹುಟ್ಟಿದ್ದು. 1941ರಲ್ಲಿ ಪೇಟೆಂಟ್ ಆಯಿತು. ಆದರೆ ನಿಮ್ಮ ಮನೆಯಲ್ಲಿ ಬೆಕ್ಕಿದೆ. ಹಾವಿನ ಗಿಡದ ಎಲೆ ಅಗಿದರೆ ಬೆಕ್ಕಿಗೆ ವಾಂತಿ ಆಗುತ್ತದೆ. ಹಾಗಾಗಿ ಸದ್ಯಕ್ಕೆ ಬಿಡಿ.

ಬೆಕ್ಕಿನ ಮಾತು ಬಂತಲ್ಲ, ಅದನ್ನೂ ಮುಗಿಸುತ್ತೇನೆ. ಜೇಡ್ ಗಿಡ, ಲೋಳೆಸರ, ಕಲಂಚೊ ಮೂರೂ ಬೆಕ್ಕಿಗೆ ಆಗುವುದಿಲ್ಲ. ಕಲಂಚೊದಲ್ಲಿ ಹೃದಯದ ಬಡಿತ ಕೆಡಿಸುವ ವಿಷ ಇದೆ, ಅದನ್ನು ಮನೆಯೊಳಗೆ ತರಲೇಬೇಡಿ. ಯೂಫೋರ್ಬಿಯಾ ಜಾತಿಯ ಕಳ್ಳಿಗಳ ಹಾಲು ಬೆಕ್ಕಿಗಷ್ಟೇ ಅಲ್ಲ, ನಿಮ್ಮ ಕಣ್ಣಿಗೂ ಕೆಟ್ಟದ್ದು. ಎಚೆವೇರಿಯಾ, ಹಾವರ್ಥಿಯಾ, ಗ್ಯಾಸ್ಟೀರಿಯಾ, ಹೌಸ್‌ಲೀಕ್, ಹೋಯಾ, ಕ್ರಿಸ್‌ಮಸ್ ಕ್ಯಾಕ್ಟಸ್ ಇವುಗಳಿಂದ ಬೆಕ್ಕಿಗೆ ಅಪಾಯವಿಲ್ಲ. ಬೆಕ್ಕಿನಿಂದ ಇವುಗಳಿಗೆ ಅಪಾಯ ಇಲ್ಲ ಅಂತ ನಾನು ಹೇಳಲಾರೆ.

ಈಗ ನಿಮ್ಮ ಪೂರ್ವದ ಕಿಟಕಿ. ಬೆಳಗಿನ ಎಳೆಬಿಸಿಲು, ಆಮೇಲೆ ಬರೀ ಬೆಳಕು. ಇದು ಒಳ್ಳೆಯ ಜಾಗ. ಜನ ಇಂಥಲ್ಲಿ ಎಚೆವೇರಿಯಾ ಇಟ್ಟು, ಅದು ಬೆಳಕು ಹುಡುಕುತ್ತಾ ಸೊಟ್ಟ ಬೆಳೆದು, ಬೇಸರ ಮಾಡಿಕೊಳ್ಳುತ್ತಾರೆ. ಗ್ಯಾಸ್ಟೀರಿಯಾ ಮತ್ತು ಹಾವರ್ಥಿಯಾ ಇಡಿ. ದಕ್ಷಿಣ ಆಫ್ರಿಕಾದಲ್ಲಿ ಪೊದೆಗಳ ಬುಡದಲ್ಲಿ, ಬಂಡೆಯ ಸಂದಿಯಲ್ಲಿ ಬೆಳೆಯುವ ಗಿಡಗಳು, ಅರ್ಧ ನೆರಳು ಅವಕ್ಕೆ ತವರಿನ ಅಭ್ಯಾಸ. ಅಗಲವಾಗಿ ಹರಡದೆ ಮರಿ ಹಾಕುತ್ತಾ ಕುಂಡ ತುಂಬುತ್ತವೆ.

ಅದೇ ಕಿಟಕಿಗೆ ನಿಜವಾದ ಕ್ರಿಸ್‌ಮಸ್ ಕ್ಯಾಕ್ಟಸ್ ಸಿಕ್ಕರೆ ಬಿಡಬೇಡಿ. ‘ನಿಜವಾದ’ ಅಂದದ್ದಕ್ಕೆ ಕಾರಣ ಇದೆ. ಇಂಗ್ಲೆಂಡಿನಲ್ಲಿ ಬಕ್ಲೆ ಎಂಬಾತ 19ನೇ ಶತಮಾನದ ನಡುವಿಗೆ ಎರಡು ಬ್ರೆಜಿಲ್ ಜಾತಿಗಳನ್ನು ಕೂಡಿಸಿ ಮಾಡಿದ ತಳಿ ಅದು. ಅಂಗಡಿಯಲ್ಲಿ ಅದೇ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಅದರ ಹೆತ್ತವರಲ್ಲಿ ಒಂದಾದ ಟ್ರುಂಕಾಟಾದ ಹೊಸ ತಳಿಗಳು. ಅವೂ ಚೆಂದವೇ, ಆದರೆ ಬೇರೆ. ಗುರುತಿಸೋದು ಸುಲಭ. ಎಲೆಯಂತೆ ಕಾಣುವ ಚಪ್ಪಟೆ ಕಾಂಡದ ಒಂದು ತುಣುಕು ಹಿಡಿದು ಅಂಚು ನೋಡಿ. ಗರಗಸದ ಹಲ್ಲಿನಂತೆ ಚೂಪು ಮೊನೆಗಳಿದ್ದರೆ ಟ್ರುಂಕಾಟಾ. ಅಂಚು ಅಲೆ ಅಲೆಯಾಗಿ, ಮೊನೆ ದುಂಡಾಗಿದ್ದರೆ ಹಳೆಯದು. ಹೂ ಬಿಟ್ಟಿದ್ದರೆ ಇನ್ನೂ ಖಚಿತ. ಹಳೆಯದರ ಹೂ ಸೀದಾ ಕೆಳಕ್ಕೆ ಜೋತುಬೀಳುತ್ತದೆ, ಪರಾಗ ಗುಲಾಬಿ. ಟ್ರುಂಕಾಟಾದ ಹೂ ಅಡ್ಡಡ್ಡ ಚಾಚಿರುತ್ತದೆ, ಪರಾಗ ಹಳದಿ.

ಹಳೆಯದನ್ನು ಅಂಗಡಿಯಲ್ಲಿ ಹುಡುಕಿ ಪ್ರಯೋಜನ ಕಡಿಮೆ. ಯಾರ ಮನೆಯಲ್ಲಾದರೂ ಬುಡ ಮರದಂತೆ ಗಟ್ಟಿಯಾದ, ಅಗಲಕ್ಕೆ ಜೋತುಬಿದ್ದ ಗಿಡ ಕಂಡರೆ ಎರಡು ಮೂರು ತುಣುಕು ಕೇಳಿ ಪಡೆಯಿರಿ. ಗಿಣ್ಣಿನಲ್ಲಿ ತಿರುಚಿ ಮುರಿದು, ಒಂದೆರಡು ದಿನ ನೆರಳಲ್ಲಿ ಗಾಯ ಒಣಗಿಸಿ, ನೆಡಿ. ಇದು ಕಳ್ಳಿ ಜಾತಿಯೇ ಆದರೂ ಮರುಭೂಮಿಯದಲ್ಲ. ಕಾಡಿನ ಮರ, ಬಂಡೆಗಳ ಮೇಲೆ ಬೆಳೆಯುವಂಥದ್ದು. ಪೂರ್ತಿ ಒಣಗಿಸಿ ಕಾಯಿಸಬೇಡಿ, ಮೇಲ್ಮಣ್ಣು ಒಣಗಿದರೆ ನೀರು ಕೊಡಿ. ಹೂ ಬಿಡೋಕೆ ರಾತ್ರಿ ಉದ್ದವಾಗಬೇಕು. ಹನ್ನೆರಡು ಗಂಟೆಗೂ ಜಾಸ್ತಿ ಕತ್ತಲು ಹಲವು ವಾರ ಸಿಕ್ಕಬೇಕು. ಅದೇ ಕೋಣೆಯಲ್ಲಿ ನಡುರಾತ್ರಿ ತನಕ ದೀಪ ಉರಿಸುವ ಮನೆಗಳಲ್ಲಿ “ಇದು ಹೂವೇ ಬಿಡಲ್ಲ” ಅನ್ನೋ ದೂರು ಬರುವುದು ಅದಕ್ಕೇ.

ಹೋಯಾ ಕಾರ್ನೋಸಾ ಕೂಡ ಇಂಥ ಕಿಟಕಿಯ ಹಳೆಯ ಬಳ್ಳಿ. ಒಂದೇ ಎಚ್ಚರಿಕೆ. ಹೂ ಒಣಗಿದ ಮೇಲೆ ಉಳಿಯುವ ಗಿಡ್ಡ ಕಡ್ಡಿಯನ್ನು ಕತ್ತರಿಸಬೇಡಿ, ಮುಂದಿನ ಹೂ ಅದೇ ಕಡ್ಡಿಯ ತುದಿಯಲ್ಲಿ ಬರುತ್ತದೆ.

ನೀವಿರುವ ಕಡೆ ಹಿಮ ಬೀಳುವುದಾದರೆ ಪಾತಿಯ ಲೆಕ್ಕವೇ ಬದಲು. ಆಗ ಎಚೆವೇರಿಯಾ ಮರೆತು ಹೌಸ್‌ಲೀಕ್ ಹಾಕಿ. ಮನೆಯ ಚಾವಣಿ ಮೇಲೆ ಇದನ್ನು ಬೆಳೆಸಬೇಕು ಅಂತ ಸುಮಾರು 800ರ ಹೊತ್ತಿಗೆ ಯೂರೋಪಿನ ಶಾರ್ಲಮೇನ್ ದೊರೆಯ ಕಾಲದ ಆಜ್ಞಾಪತ್ರದಲ್ಲೇ ಬರೆದಿದೆ. ಸಿಡಿಲಿನಿಂದ ಕಾಯುತ್ತದೆ ಅನ್ನೋ ನಂಬಿಕೆ ಆಗ ಇತ್ತು. ಸಿಡಿಲಿನ ಮಾತು ಹಾಗಿರಲಿ, ಹಿಮದಡಿ ತಿಂಗಳುಗಟ್ಟಲೆ ಇದ್ದು ಎದ್ದು ಬರುತ್ತದೆ ಅನ್ನೋದಂತೂ ನಿಜ. ಇದರಲ್ಲಿ ಹೂ ಬಿಟ್ಟ ಎಲೆಗಳ ಸುತ್ತು ಸಾಯುತ್ತದೆ. ಗಾಬರಿ ಬೇಡ. ಸುತ್ತಲಿನ ಮರಿಗಳು ಆ ಜಾಗ ತುಂಬುತ್ತವೆ. ಕತ್ತಾಳೆಯದೂ ಇದೇ ಸ್ವಭಾವ. ಹತ್ತಾರು ವರ್ಷ ಬೆಳೆದು, ಒಮ್ಮೆ ಹೂ ಬಿಟ್ಟು ಮುಗಿಯುತ್ತದೆ. ಆದರೆ ಅದರ ಗಾತ್ರ, ಮುಳ್ಳು ನೋಡಿದರೆ ಚಿಕ್ಕ ಪಾತಿಗೆ ನಾನು ಹೇಳುವುದಿಲ್ಲ.

ಬೇಡದವುಗಳನ್ನು ಬೇಗ ಹೇಳಿಬಿಡುತ್ತೇನೆ. ಹಸಿರು ಕಡ್ಡಿಯ ತಲೆಗೆ ಕೆಂಪು, ಹಳದಿ ಉಂಡೆ ಕಸಿ ಮಾಡಿದ ಮೂನ್ ಕ್ಯಾಕ್ಟಸ್ ಬೇಡ. ಆ ಉಂಡೆಯಲ್ಲಿ ಹಸಿರೇ ಇಲ್ಲ, ಕೆಳಗಿನ ಕಳ್ಳಿಯ ಊಟ ತಿಂದು ಬದುಕುತ್ತದೆ. ಕೆಲವು ವರ್ಷಕ್ಕೆ ಎರಡೂ ಮುಗಿಯುತ್ತವೆ. ಬಣ್ಣ ಬಳಿದದ್ದು, ಅಂಟು ಹಾಕಿ ಹೂ ಕೂರಿಸಿದ್ದು ಬೇಡ. ಎಲೆ ಅಂಚಿನಲ್ಲಿ ನೂರಾರು ಮರಿ ಉದುರಿಸುವ ‘ಮದರ್ ಆಫ್ ಥೌಸಂಡ್ಸ್’ ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ. ಅದೂ ಕಲಂಚೊ ಜಾತಿಯೇ, ಜೊತೆಗೆ ಪಾತಿಯನ್ನೆಲ್ಲ ನುಂಗುತ್ತದೆ. ಇನ್ನೊಂದು, ‘ತುಂಬಾ ಹಳೆಯದು’ ಅಂತ ಜಾಸ್ತಿ ಬೆಲೆಗೆ ಕೊಡುವ, ಮೈಮೇಲೆ ಗಾಯ, ಕಲೆ ಇರುವ, ಬೇರು ಕತ್ತರಿಸಿದ ದೊಡ್ಡ ಗಿಡ. ಅದು ಕಾಡಿನಿಂದ ಕಿತ್ತು ತಂದದ್ದಿರಬಹುದು. ದಕ್ಷಿಣ ಆಫ್ರಿಕಾದ ಕೋನೋಫೈಟಮ್, ಕ್ಯಾಲಿಫೋರ್ನಿಯಾದ ಡಡ್ಲಿಯಾ ಗಿಡಗಳನ್ನು ಕಳ್ಳರು ಹೀಗೇ ಬೋಳಿಸುತ್ತಿದ್ದಾರೆ. ಕುಂಡದಲ್ಲಿ ಹುಟ್ಟಿ ಬೆಳೆದ ಗಿಡ ಸಾಮಾನ್ಯವಾಗಿ ಒಂದೇ ಅಳತೆಗೆ, ನೀಟಾಗಿ ಇರುತ್ತದೆ. ಬೇರೂ ಕುಂಡ ತುಂಬಿರುತ್ತದೆ.

ಗಿಡ ಆರಿಸುವಾಗ ಮೇಲಿನ ಚೆಂದ ನೋಡುವ ಮುಂಚೆ ಎಲೆ ಕಾಂಡಕ್ಕೆ ಸೇರುವ ಸಂದಿ ನೋಡಿ. ಹತ್ತಿಯ ಚೂರಿನಂತೆ ಬಿಳಿ ಕಂಡರೆ ಹಿಟ್ಟುತಿಗಣೆ. ಆಮೇಲೆ ಕೇಳಿಕೊಂಡು ಕುಂಡದಿಂದ ಗಿಡ ಸ್ವಲ್ಪ ಎತ್ತಿ ನೋಡಿ. ಬೇರಿಗೆ, ಕುಂಡದ ಒಳಗೋಡೆಗೆ ಬಿಳಿ ಬೂದಿ ಹಚ್ಚಿದ ಹಾಗಿದ್ದರೆ ಅದು ಬೇರಿನ ತಿಗಣೆ. ಹಳೆಯ ಗಿಡದ ತುಂಡಿನ ಜೊತೆ ಹಳೆಯ ರೋಗವೂ ಬರಬಹುದು, ಒಂದೇ ಮೈ ತಾನೇ. ಹೊಸದಾಗಿ ತಂದದ್ದನ್ನು ಉಳಿದವುಗಳಿಂದ ಒಂದು ತಿಂಗಳು ದೂರ ಇಡಿ. ತಿಗಣೆ ಕಂಡರೆ 70% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಇಯರ್ ಬಡ್‌ನಿಂದ ಮುಟ್ಟಿಸಿ. ಪುಡಿ ಇರುವ ಎಲೆಗಳ ಮೇಲೆಲ್ಲ ಬಳಿಯಬೇಡಿ.

ಮಣ್ಣಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರ್ಧಕ್ಕೂ ಜಾಸ್ತಿ ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು), ದಪ್ಪ ಮರಳು ಅಥವಾ ಸಣ್ಣ ಜಲ್ಲಿ ಇರಲಿ. ಪಾತಿಯನ್ನು ಸುತ್ತಲಿನ ನೆಲಕ್ಕಿಂತ ಎತ್ತರಿಸಿ, ಮಳೆ ನೀರು ನಿಲ್ಲದಿದ್ದರೆ ಅರ್ಧ ಗೆದ್ದಂತೆ. ನೀರು ಕೊಟ್ಟರೆ ತಳದಿಂದ ಹರಿಯುವ ಹಾಗೆ ಕೊಡಿ, ಆಮೇಲೆ ಕ್ರಿಸ್‌ಮಸ್ ಕ್ಯಾಕ್ಟಸ್ ಒಂದನ್ನು ಬಿಟ್ಟು ಉಳಿದವನ್ನು ಮಣ್ಣು ಪೂರ್ತಿ ಒಣಗುವ ತನಕ ಮುಟ್ಟಬೇಡಿ. ಗುಟುಕು ಗುಟುಕಾಗಿ ದಿನಾ ಹಾಕಬೇಡಿ.

ಹೆಸರು ಬರೆದಿಡುವುದು ಮಾತ್ರ ತಪ್ಪಿಸಬೇಡಿ. ತಳಿಯ ಹೆಸರು, ಯಾರಿಂದ ಬಂತು, ಯಾವ ವರ್ಷ. ಪ್ಲಾಸ್ಟಿಕ್ ಚೀಟಿ ಮೇಲಿನ ಶಾಯಿ ಬಿಸಿಲಿಗೆ ಅಳಿಸಿಹೋಗುತ್ತದೆ. ಪೆನ್ಸಿಲ್‌ನಲ್ಲಿ ಬರೆಯಿರಿ, ಇನ್ನೊಂದು ಪ್ರತಿ ಪುಸ್ತಕದಲ್ಲಿರಲಿ. ಚೀಟಿಯ ಮೇಲೆ ಐ.ಎಸ್.ಐ. (ಇಂಟರ್‌ನ್ಯಾಷನಲ್ ಸಕ್ಯುಲೆಂಟ್ ಇಂಟ್ರೊಡಕ್ಷನ್ಸ್) ಅಂತ ಸಂಖ್ಯೆ ಇದ್ದರೆ ಎಸೆಯಬೇಡಿ. ಸಕ್ಯುಲೆಂಟ್‌ಗಳನ್ನು ದಾಖಲೆ ಸಮೇತ ಹಂಚುವ ಆ ಪಟ್ಟಿ 1958ರಿಂದ ನಡೆಯುತ್ತಿದೆ, ಈಗ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಉದ್ಯಾನದವರು ನಡೆಸುತ್ತಾರೆ. ಆ ಸಂಖ್ಯೆಯಿಂದ ಗಿಡದ ಮೂಲ ಹುಡುಕಬಹುದು. ಹೆಸರು ಗೊತ್ತಿಲ್ಲದ ಗಿಡಕ್ಕೆ ಫೋಟೊ ನೋಡಿ ಹೆಸರಿಡಬೇಡಿ. ಎಚೆವೇರಿಯಾಗಳಲ್ಲಿ ಒಂದರಂತೆ ಒಂದು ಕಾಣುವ ತಳಿಗಳು ಲೆಕ್ಕವಿಲ್ಲದಷ್ಟಿವೆ. ‘ಹೆಸರು ಗೊತ್ತಿಲ್ಲ, ಇಂಥವರು ಕೊಟ್ಟದ್ದು’ ಅಂತ ಬರೆದರೆ ಮುಂದಿನವರಿಗೆ ಅದೇ ಹೆಚ್ಚು ಉಪಯೋಗ.

ಒಟ್ಟಿಗೆ ಹತ್ತು ಗಿಡ ತರಬೇಡಿ. ರಾತ್ರಿ ತಂಪಿದ್ದು, ಹಿಮ ಬೀಳದ ಜಾಗವಾದರೆ ಪಾತಿಗೆ ಇಂಬ್ರಿಕಾಟಾದ ನಾಲ್ಕೈದು ಮರಿ, ಒಂದು ಘೋಸ್ಟ್ ಪ್ಲಾಂಟ್. ಧಗೆಯ ರಾತ್ರಿಗಳಾದರೆ ಘೋಸ್ಟ್ ಪ್ಲಾಂಟ್ ಮಾತ್ರ ಇಟ್ಟು ಒಂದು ಬೇಸಿಗೆ ನೋಡಿ. ಕಿಟಕಿಗೆ ಒಂದು ಗ್ಯಾಸ್ಟೀರಿಯಾ. ಕ್ರಿಸ್‌ಮಸ್ ಕ್ಯಾಕ್ಟಸ್‌ಗೆ ಪರಿಚಯದವರ ಮನೆಗಳಲ್ಲಿ ಕಣ್ಣಿಟ್ಟಿರಿ. ಕಪ್ಪು ಎಲೆಯ ಈಯೋನಿಯಮ್ ‘ಝ್ವಾರ್ಟ್‌ಕಾಪ್’ ನೋಡಿ ಮನಸೋಲುತ್ತೀರಿ, ಎಲ್ಲರೂ ಸೋಲುತ್ತಾರೆ. ಅದು ಚಳಿಗಾಲದಲ್ಲಿ ಬೆಳೆದು ಬೇಸಿಗೆಯಲ್ಲಿ ಮಲಗುವ ಗಿಡ. ಆಗ ಎಲೆ ಮುದುಡಿತು ಅಂತ ನೀರು ಹುಯ್ದರೆ ಕೊಳೆಯುತ್ತದೆ. ಉಳಿದವು ಒಂದು ವರ್ಷ ಕಳೆಯಲಿ, ಆಮೇಲೆ ಅದನ್ನು ತನ್ನಿ.